ಮುಳ್ಳಿಗೆ ಮೆತ್ತಿದ ಕಪ್ಪು ಪುಡಿ

ರೆಕಾರ್ಡ್ ಪ್ಲೇಯರಿಗೆ ಹೊಸದಾಗಿ ಕೂಡಿಸಿದ ಮುಳ್ಳು ಹಾಡಿನ ತಟ್ಟೆಯ ಮೇಲೆ, ಪಲ್ಲವಿಯಲ್ಲೇ ಎರಡು ಸಲ ಜಾರಿತು. ಅದಕ್ಕೆ ಅವಮಾನವಾಯಿತು.

"ನನ್ನ ಒಂದು ಕಾಲು ಗಿಡ್ಡ. ಅದರ ಕೆಳಗೆ ರಟ್ಟಿನ ಚೂರು ಇಟ್ಟರೆ ಸರಿಹೋಗುತ್ತದೆ," ಎಂದಿತು ಪ್ಲೇಯರ್.

"ನೆಟ್ಟಗೆ ನಿಲ್ಲಲಾರದವರು ನನಗೆ ಬುದ್ಧಿ ಹೇಳಬೇಡಿ. ನನಗೆ ಬೇಕಾದದ್ದು ತೂಕ," ಎಂದ ಮುಳ್ಳು ನಾಲ್ಕಾಣೆ ನಾಣ್ಯವನ್ನು ಕರೆದು ತಲೆಯ ಮೇಲೆ ಕೂರಿಸಿಕೊಂಡಿತು. ಆಮೇಲೆ ಒಮ್ಮೆಯೂ ಜಾರಲಿಲ್ಲ. ಬೀಗುತ್ತ ದಿನವೂ ಅದೇ ಹಾಡು ನುಡಿಸಿತು.

ತಿಂಗಳು ಕಳೆದ ಮೇಲೆ ಪಲ್ಲವಿ ಬರಬೇಕಾದ ಕಡೆ ಬರೀ ಗೊರಗೊರ ಸದ್ದು ಬಂತು. ಮುಳ್ಳು ಬೆಚ್ಚಿಬಿದ್ದು ನೋಡಿಕೊಂಡರೆ ತನ್ನ ತುದಿಗೆ ಕಪ್ಪು ಪುಡಿ ಮೆತ್ತಿತ್ತು.

"ತಟ್ಟೆಯಮ್ಮಾ, ಈ ಕೊಳೆ ಎಲ್ಲಿಂದ ಬಂತು?"

"ಕೊಳೆಯಲ್ಲಪ್ಪ," ಎಂದಿತು ತಟ್ಟೆ. "ಅದೇ ಆ ಪಲ್ಲವಿ."