ಹೊಸಬನ ತೆಂಗಿನಕಾಯಿ

ಶಿಷ್ಯ ಕೇಳಿದ: "ಅವ್ವಾ, ನಸುಕಿನಲ್ಲೆದ್ದು ಸೂರ್ಯನಮಸ್ಕಾರ ಹಾಕುವುದನ್ನು ಹನ್ನೊಂದು ದಿನ ನಡೆಸಿದೆ. ಹನ್ನೆರಡನೆಯ ದಿನ ತಪ್ಪಿತು. ಆಮೇಲೆ ಮೈಯೂ ಏಳುತ್ತಿಲ್ಲ, ಮನಸ್ಸೂ ಏಳುತ್ತಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಬೇಕು. ಒಂದು ಒಳ್ಳೆಯ ದಿನ ನೋಡಿ ಹೇಳಿ."

ಗುರುವಾಗಿದ್ದವಳು ಊರೂರು ಸುತ್ತಿ ಬಂದ ಮುದುಕಿ. ಪಂಚಾಂಗ ಅವಳ ಕೈಗೆಟಕುವಲ್ಲೇ ಇತ್ತು. ಅದನ್ನು ಮುಟ್ಟದೆ ಈ ಕತೆ ಹೇಳಿದಳು.

ಒಂದು ಪೇಟೆಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಮಂಡಿಯಲ್ಲಿ ಮೂಟೆ ಎತ್ತಲು ಹಮಾಲರಿದ್ದರು. ಮನೆಯಲ್ಲಿ ಸ್ನಾನದ ನೀರು ಎತ್ತಿಡಲು ಹೆಂಡತಿ ಇದ್ದಳು. ಹಾಗಾಗಿ ನಲವತ್ತೈದು ವರ್ಷ ಅವನು ತನ್ನ ಹೊಟ್ಟೆಯೊಂದನ್ನು ಬಿಟ್ಟು ಬೇರೇನನ್ನೂ ಹೊತ್ತವನಲ್ಲ.

ಒಂದು ಸಲ ದೊಡ್ಡ ಜ್ವರ ಬಂದು ಹೆಂಡತಿಯ ಕಾಲುಗಳ ಬಲ ಹೋಯಿತು. ದಿನಾ ಬೆಳಿಗ್ಗೆ ಎಳೆಬಿಸಿಲಿಗೆ ಮೈಯೊಡ್ಡಬೇಕು, ಇಲ್ಲವಾದರೆ ಉಳಿದಿರುವ ಚೈತನ್ಯವೂ ಬಾಡಿಹೋಗುತ್ತದೆ ಎಂದು ವೈದ್ಯ ಹೇಳಿದ. ವ್ಯಾಪಾರಿ ಅವಳನ್ನು ಎತ್ತಿಕೊಂಡು ಹೊರಟ. ಹೊಸ್ತಿಲು ಮುಟ್ಟುವಷ್ಟರಲ್ಲಿ ತೋಳು ಸೋತಿತು. ಅವಳನ್ನು ನೆಲಕ್ಕೆ ಕೂರಿಸಿ, ತಾನೂ ಪಕ್ಕದಲ್ಲಿ ಕುಸಿದು ಏದುಸಿರು ಬಿಟ್ಟ.

ಮಾರನೆಯ ದಿನದಿಂದ ಇಬ್ಬರು ಹಮಾಲರು ಬಂದು ಅವಳನ್ನು ಅಂಗಳಕ್ಕೆ ತಂದು ಕೂರಿಸುತ್ತಿದ್ದರು. ಒಳ್ಳೆಯವರೇ, ತಲೆ ತಗ್ಗಿಸಿಯೇ ಬಂದು ಹೋಗುವವರು. ಆದರೂ ಅವರು ಮುಟ್ಟುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ತಿಂಗಳು ಕಳೆಯಿತು. ಒಂದು ದಿನ, ನನಗೆ ಬಿಸಿಲು ಬೇಡ, ಒಳಗೇ ಬಿದ್ದಿರುತ್ತೇನೆ ಎಂದುಬಿಟ್ಟಳು.

ಯಾಕೆಂದು ವ್ಯಾಪಾರಿ ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ನೇರ ಗರಡಿಮನೆಗೆ ಹೋದ.

ಆ ಗರಡಿಯಲ್ಲಿ ಎರಡು ಪದ್ಧತಿಗಳಿದ್ದವು. ಹೊಸಬನಾದವನು ಒಳ್ಳೆಯ ದಿನ ನೋಡಿ ತೆಂಗಿನಕಾಯಿ ತರಬೇಕು. ಉಸ್ತಾದ ಅದನ್ನು ಒಡೆದು, ಅವನ ಹಣೆಗೆ ಕುಸ್ತಿಯ ಕಣದ ಕೆಮ್ಮಣ್ಣು ಹಚ್ಚಿ ಒಳಗೆ ಕರೆದುಕೊಳ್ಳುತ್ತಿದ್ದ. ಇನ್ನೊಂದು ಪದ್ಧತಿ ತಪ್ಪಿಸಿಕೊಂಡವರಿಗೆ. ನಡುವೆ ಬಾರದೆ ಉಳಿದವನು ಮತ್ತೆ ಬಂದ ದಿನ ಮೊದಲು ಗುದ್ದಲಿ ಹಿಡಿದು ಇಡೀ ಕಣವನ್ನು ಅಗೆದು ಮಣ್ಣು ಹದ ಮಾಡಬೇಕು. ಯಾಕೆ ಬರಲಿಲ್ಲ ಎಂದು ಯಾರೂ ವಿಚಾರಿಸುತ್ತಿರಲಿಲ್ಲ. ಗುದ್ದಲಿ ಕೈಗೆ ಕೊಡುತ್ತಿದ್ದರು, ಅಷ್ಟೆ. ಹಾಗೆ ಮರಳಿ ಬಂದವರು ಯಾರೂ ಇಲ್ಲದ ದಿನ ಉಸ್ತಾದನೇ ಅಗೆಯುತ್ತಿದ್ದ.

ವ್ಯಾಪಾರಿ ಮೊದಲ ದಿನವೇ ಆವೇಶದಲ್ಲಿ ನೂರು ಬಸ್ಕಿ ಹೊಡೆದ. ಎರಡನೆಯ ದಿನ ಮಂಚದಿಂದ ಇಳಿಯಲಾಗಲಿಲ್ಲ. ನೋವು ಇಳಿದ ಮೇಲೆ ಹೊರಡಬೇಕೆಂದುಕೊಂಡ. ಗುದ್ದಲಿ ನೆನಪಾಯಿತು. ಗರಡಿಯ ಬಾಗಿಲು ಬೀದಿಗೇ ತೆರೆದಿತ್ತು. ಮಂಡಿಯ ಸಾಹುಕಾರ ಬೆವರು ಸುರಿಸಿಕೊಂಡು ಮಣ್ಣು ಅಗೆಯುವುದನ್ನು ಪೇಟೆಯೆಲ್ಲ ನೋಡಬೇಕೆ? ಅವನು ಮುಂದಿನ ಒಳ್ಳೆಯ ದಿನದವರೆಗೆ ಕಾದು, ಇನ್ನೊಂದು ತೆಂಗಿನಕಾಯಿ ಹಿಡಿದು ಹೊಸಬನಾಗಿ ಹೋದ. ಹೊಸಬನಿಗೆ ಗುದ್ದಲಿ ಇಲ್ಲವಲ್ಲ.

ಆ ಸಲ ಒಂಬತ್ತು ದಿನ ನಡೆಯಿತು. ನೆಂಟರ ಮದುವೆ ಬಂತು. ಮತ್ತೆ ಒಳ್ಳೆಯ ದಿನ, ಮತ್ತೆ ತೆಂಗಿನಕಾಯಿ. ಹೀಗೆ ನಾಲ್ಕು ಸಲವಾಯಿತು. ಸಾಹುಕಾರರ ಮೈ ಇಳಿಯುವುದು ಯಾವಾಗಲೋ, ನಮಗಂತೂ ಚಟ್ನಿಗೆ ಬರವಿಲ್ಲ ಎಂದು ಹುಡುಗ ಪೈಲ್ವಾನರು ಆಡಿಕೊಂಡರು. ಅತ್ತ ಒಳಕೋಣೆಯಲ್ಲಿ ಹೆಂಡತಿಯ ದನಿ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು.

ಐದನೆಯ ಸಲ ಉಸ್ತಾದ ತೆಂಗಿನಕಾಯಿಗೆ ಕೈ ಚಾಚಲಿಲ್ಲ.

"ಸಾಹುಕಾರ್ರೆ, ಇಷ್ಟು ದಿನ ದಾಕ್ಷಿಣ್ಯಕ್ಕೆ ಒಡೆದೆ, ಅದು ನನ್ನ ತಪ್ಪು. ಈ ಬಾಗಿಲಲ್ಲಿ ಒಬ್ಬ ಮನುಷ್ಯ ಒಂದೇ ಸಲ ಹೊಸಬ ಆಗೋದು. ನೀವು ಹಳಬರು. ಗುದ್ದಲಿ ಅಗೋ ಅಲ್ಲಿದೆ."

ವ್ಯಾಪಾರಿ ಬಾಗಿಲಲ್ಲೇ ನಿಂತ. ವಾಪಸು ಹೋಗಬಹುದಿತ್ತು. ಹೋದರೆ ಮನೆಯಲ್ಲಿ ಯಾವ ಮುಖವಿಟ್ಟುಕೊಂಡು ಆ ಕೋಣೆಗೆ ಕಾಲಿಡುವುದು? ಕೊನೆಗೆ ಕೇಳಿದ: "ಮೂರು ವಾರ ತಪ್ಪಿಸಿದೀನಿ ಉಸ್ತಾದ್. ಮೂರು ವಾರಕ್ಕೆ ಎಷ್ಟು ಅಗೀಬೇಕು?"

"ಒಂದು ದಿನದ್ದು," ಎಂದ ಉಸ್ತಾದ. "ಕಣ ಇರೋದೇ ಒಂದು."

ವ್ಯಾಪಾರಿ ಕಾಯಿಯನ್ನು ಗೋಡೆಯ ಬದಿಗಿಟ್ಟ. ಪಂಚೆ ಎತ್ತಿಕಟ್ಟಿದ. ಕಾಲುಭಾಗ ಅಗೆಯುವಷ್ಟರಲ್ಲಿ ಕೂತುಬಿಟ್ಟ. ಒಬ್ಬ ಹುಡುಗ ನಕ್ಕ. ನಕ್ಕವನೇ ಆಮೇಲೆ ನೀರು ತಂದುಕೊಟ್ಟ. ಕಣ ಪೂರ್ತಿ ಅಗೆದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬೀದಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು ನೋಡಿ, ತಮ್ಮ ತಮ್ಮ ಕೆಲಸಕ್ಕೆ ಹೋದರು. ಅವನು ಹೆದರಿದ್ದು ಇಷ್ಟಕ್ಕೇ.

ಆಮೇಲೆ ಅವನೇನು ಒಂದು ದಿನವೂ ತಪ್ಪಿಸಲಿಲ್ಲವೆಂದಲ್ಲ. ಆಲೆಮನೆಗಳ ಸುಗ್ಗಿಯಲ್ಲಿ ತಪ್ಪಿಸಿದ. ನೆಗಡಿಗೆ ತಪ್ಪಿಸಿದ. ಬರೀ ಸೋಮಾರಿತನಕ್ಕೂ ತಪ್ಪಿಸಿದ. ತಪ್ಪಿಸಿದ ಮಾರನೆಯ ದಿನ ಬಂದು, ಯಾರೂ ಹೇಳದೆಯೇ ಗುದ್ದಲಿ ತೆಗೆದುಕೊಳ್ಳುತ್ತಿದ್ದ. ಆ ವರ್ಷ ಆ ಕಣವನ್ನು ಅವನಷ್ಟು ಸಲ ಅಗೆದವರು ಇನ್ನೊಬ್ಬರಿಲ್ಲ. ಅವನ ಬಸ್ಕಿಗಳು ಹೇಳಿಕೊಳ್ಳುವಂಥವೇನೂ ಆಗಲಿಲ್ಲ. ಕುಸ್ತಿಯಲ್ಲಂತೂ ಎಳೆ ಹುಡುಗರೂ ಅವನನ್ನು ಕೆಡವುತ್ತಿದ್ದರು. ಆದರೆ ಬಗ್ಗಿ, ಅಗೆದು, ಭಾರದ ಮಣ್ಣನ್ನು ಎತ್ತಿ ಹಾಕಿ ಹಾಕಿ, ಸೊಂಟ ನಿಂತಿತು, ತೋಳು ಗಟ್ಟಿಯಾಯಿತು.

ಒಂದು ಬೆಳಿಗ್ಗೆ ಗರಡಿಯಿಂದ ಬಂದವನು ಕೈಕಾಲು ತೊಳೆದು ಒಳಕೋಣೆಗೆ ಹೋದ. ಹೆಂಡತಿಯನ್ನು ಎತ್ತಿಕೊಂಡ. ಹೊಸ್ತಿಲು ದಾಟಿದ. ಅಂಗಳದ ಚಾಪೆಯ ಮೇಲೆ ಮೆಲ್ಲಗೆ ಇಳಿಸಿದ. ಅಷ್ಟು ದೂರವೂ ಅವಳು ಕಣ್ಣು ಮುಚ್ಚಿರಲಿಲ್ಲ.

ಗುರು ಕತೆ ನಿಲ್ಲಿಸಿದಳು. ಶಿಷ್ಯ ಕೇಳಿದ: "ಅಷ್ಟು ದಿನ ಕಾದವಳು, ಆಗ ಏನೆಂದಳು ಅವ್ವಾ?"

ಗುರು ಹೇಳಿದಳು: "ಬಿಸಿಲು ಆಗಲೇ ಏರಿಬಿಟ್ಟಿದೆ, ನಾಳೆ ಸ್ವಲ್ಪ ಬೇಗ ಎತ್ತಿ ಎಂದಳು."