ತೊಟ್ಟಿಲಿನ ಜಾಹೀರಾತು

“ಗುರುಗಳೇ, ಅಮ್ಮನ ಹಪ್ಪಳಕ್ಕೆ ಆನ್‌ಲೈನ್‌ನಲ್ಲಿ ಕನ್ನಡದ ಜಾಹೀರಾತು ಹಾಕಿದೆ. ಕೋಡ್ ಪೂರ್ತಿ ನಾನೇ ಬರೆಯಲಿಲ್ಲ. ಯಾರೋ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಸಿದ್ಧ ಕೋಡಿನ ಕಟ್ಟು, ಲೈಬ್ರರಿ ಅನ್ನುತ್ತಾರಲ್ಲ, ಅದನ್ನು ಬಳಸಿದೆ. ಹಾಗೆ ಬಳಸುವುದು ಸರಿಯೇ?” ಎಂದು ಶಿಷ್ಯೆ ನೀಲಾಂಬಿಕೆ ಕೇಳಿದಳು.

ಗುರು ಹೇಳಿದರು:

ಒಬ್ಬ ಬಡಗಿಯಿದ್ದ. ಬಣ್ಣದ ತೊಟ್ಟಿಲು ಮಾಡುವುದರಲ್ಲಿ ಎತ್ತಿದ ಕೈ. ಆದರೆ ಊರಿನಲ್ಲಿ ಕೊಳ್ಳುವವರು ಕಡಿಮೆಯಾಗಿದ್ದರು. ದೂರದವರಿಗೂ ಗೊತ್ತಾಗಲೆಂದು ಆನ್‌ಲೈನ್ ಜಾಹೀರಾತು ಕೊಡಲು ಹೊರಟ. ಓದುವಾಗ ಕೋಡ್ ಬರೆಯಲು ಕಲಿತಿದ್ದ. ಜಾಹೀರಾತು ಹಾಕುವುದು, ಬದಲಿಸುವುದು ಎಲ್ಲವೂ ತನ್ನ ಕೋಡಿನಿಂದಲೇ ಆಗಬೇಕೆಂದು ಹಟ ಹಿಡಿದ. ಜಾಹೀರಾತು ಕಂಪನಿಯ ಕಂಪ್ಯೂಟರ್ ವ್ಯವಸ್ಥೆಗೆ ತನ್ನ ಕೋಡನ್ನು ಹೊಂದಿಸುವುದು ಸುಲಭವಿರಲಿಲ್ಲ. ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೈಕೊಡುತ್ತಿತ್ತು. ಉಳಿ ಮೂಲೆ ಸೇರಿತು. ಹೆಂಡತಿಗೆ ದಿನ ತುಂಬುತ್ತಿತ್ತು. ಅವರದೇ ಮಗುವಿನ ತೊಟ್ಟಿಲಿಗೆ ಇನ್ನೂ ಕಾಲು ಕೂಡಿರಲಿಲ್ಲ.

“ಅದಕ್ಕೆಂದೇ ಬರೆದಿಟ್ಟ ಲೈಬ್ರರಿ ಇದೆಯಂತಲ್ಲ, ತಗೋಬಾರದೇನು?” ಎಂದಳು ಹೆಂಡತಿ.

“ಬೇರೆಯವರದನ್ನು ತಗೊಂಡು ನಾನು ಮಾಡಿದೆ ಅನ್ನಲೇನು?”

ಅವಳು ಮೂಲೆಯಲ್ಲಿದ್ದ ಉಳಿ ಎತ್ತಿ ತೋರಿಸಿದಳು. “ಇದು ನೀವೇ ಬಡಿದು ಮಾಡಿದ್ದೇನ್ರಿ?”

ಅವನಿಗೆ ನಗು ಬಂತು. ಲೈಬ್ರರಿ ತಂದು ಜೋಡಿಸಿದ. ಸಂಜೆಯೊಳಗೆ ಜಾಹೀರಾತು ಆನ್‌ಲೈನ್‌ನಲ್ಲಿ ಕಾಣಿಸಿತು. ಆದರೆ ‘ನಿಮ್ಮ ಕಂದನಿಗೆ ಬಣ್ಣದ ತೊಟ್ಟಿಲು’ ಎಂದು ಬರೆದದ್ದು ‘ನಿಮ್ಮ ಕಂದನಿಗೆ ಬಣ್ಣದ ತೊಟ್’ ಎಂದು ನಿಂತಿತ್ತು. ಲೈಬ್ರರಿ ಬರೆದವರಿಗೆ ನಮ್ಮ ಒತ್ತಕ್ಷರದ ಪರಿಚಯವಿರಲಿಲ್ಲ. ಸಾಲಿನ ಉದ್ದ ಅಳೆಯುವಾಗ ಲೈಬ್ರರಿ ಲೆಕ್ಕ ತಪ್ಪಿ ಪದವನ್ನು ನಡುವೆಯೇ ಕತ್ತರಿಸಿಬಿಟ್ಟಿತ್ತು. ಗಂಡಹೆಂಡಿರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಲೈಬ್ರರಿಯೊಳಗೆ ಹುಡುಕಿ, ಅಕ್ಷರ ಎಣಿಸುವ ಸಾಲನ್ನು ತಿದ್ದಿದ. ತಿದ್ದಿದ್ದನ್ನು ಅದನ್ನು ಬರೆದವರಿಗೂ ಕಳಿಸಿದ. ಅವರು ಸಂತೋಷದಿಂದ ಸೇರಿಸಿಕೊಂಡರು.

ಆಮೇಲೆ ಉಳಿ ಹಿಡಿದು ಕೂತ. ಮಗಳು ಹುಟ್ಟುವ ಹೊತ್ತಿಗೆ ಅವಳ ತೊಟ್ಟಿಲ ಮೇಲೆ ಹಸಿರು ಗಿಳಿಗಳು ಮೂಡಿದ್ದವು. ಹೆಸರಿಡುವ ದಿನ ಹೆಂಗಸರು ಜೋಗುಳ ಹಾಡುತ್ತಿದ್ದರೆ ಅವನ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು. ಎಲ್ಲೆಲ್ಲಿಂದಲೋ ತೊಟ್ಟಿಲು ಕೇಳುವವರು. ಅಜ್ಜಿಯೊಬ್ಬಳು ಗದರಿದ ಮೇಲೆ ಫೋನನ್ನು ದಿಂಬಿನಡಿ ಇಟ್ಟು, ತಾನೂ ತೊಟ್ಟಿಲು ತೂಗಲು ಕೈಹಾಕಿದ.

ಗುರು ಕತೆ ನಿಲ್ಲಿಸಿದರು.

“ಅವನಿಗೇನೋ ಒಳ್ಳೆಯದಾಯಿತು. ಆದರೆ ನಾನು ಯಾರದನ್ನೋ ಬಳಸಿದೆನಲ್ಲ ಎಂಬ ಅಳುಕು ನನಗೆ ಹೋಗಲಿಲ್ಲ,” ಎಂದಳು ನೀಲಾಂಬಿಕೆ.

ಗುರು ನಕ್ಕರು. “ನೀನು ಬಳಸಿದ್ದೂ ಅದೇ ಲೈಬ್ರರಿ. ನಿನ್ನ ಜಾಹೀರಾತಿನ ಕನ್ನಡ ಎಲ್ಲಿಯೂ ತುಂಡಾಗದೆ ಕಾಣಿಸಿತಲ್ಲ ತಾಯಿ, ಅದು ಅವನು ತಿದ್ದಿದ ಸಾಲು.”