ಧೂಪಕ್ಕೆ ಅತ್ತ ಪೆಟ್ಟಿಗೆ

“ಕೇಳಿರಪ್ಪೋ ಕೇಳಿ! ರಾಜಕುಮಾರಿ ಮೃಗಾವತಿಯ ಪೆಟ್ಟಿಗೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡಲಾಗುವುದು. ತಪ್ಪಿದವರಿಗೆ ಅಮಾವಾಸ್ಯೆಯ ದಿನ ದುರುಗವ್ವನ ಜೊತೆ ತಲೆದಂಡ!”

ಹೊನ್ನಗುಂದಿಯ ಬೀದಿಯಲ್ಲಿ ಡಂಗುರ ಕೇಳಿ ಸಣ್ಣೀರ ಮನೆಯಿಂದ ಹೊರಗೋಡಿ ಬಂದ. ದುರುಗವ್ವ ಅವನ ತಾಯಿ, ರಾಜಕುಮಾರಿಗೆ ಎಣ್ಣೆನೀರು ಹಾಕುವ ದಾಸಿ. ಜ್ವರ ಬಂದು ವಾಸನೆಯೇ ತಿಳಿಯದಂತಾದ ಮೃಗಾವತಿ, ಒಂದು ಪೆಟ್ಟಿಗೆಯಲ್ಲಿ ಗ್ಯಾಸ್ ಸೆನ್ಸರಿಗೆ ಕಿರುಚುವ ಬಜರ್ ಸೇರಿಸಿ ತನಗೊಂದು ಮೂಗು ಕಟ್ಟಿಕೊಂಡಿದ್ದಳು. ದುರುಗವ್ವ ಅವಳ ಒದ್ದೆ ಕೂದಲಿಗೆ ಸಾಂಬ್ರಾಣಿ ಧೂಪ ಹಿಡಿದದ್ದೇ ತಡ, ಪೆಟ್ಟಿಗೆ ಕಿರುಚಿತು. “ಧೂಪದಲ್ಲಿ ವಿಷ!” ಎಂದು ಅರಸ ದಾಸಿಯನ್ನು ಸೆರೆಗೆ ತಳ್ಳಿಸಿದ. ಪೆಟ್ಟಿಗೆಯ ಗುಟ್ಟು ಬಲ್ಲವರು ಸಿಕ್ಕರೆ ನಿಜ ತಿಳಿದೀತೆಂದು ಮೃಗಾವತಿ ಒಗಟು ಒಡ್ಡಿದ್ದಳು. ಅರಸರ ಕಾಲದಲ್ಲಿ ಸೆನ್ಸರ್ ಎಲ್ಲಿತ್ತು ಎನ್ನಬೇಡಿ. ಕತೆ ಕೇಳುವವರು ತಕರಾರು ತೆಗೆಯಬಾರದು.

ಸಣ್ಣೀರನಿಗೆ ಸಂತೆಯಿಂದ ಹಳೇ ಎಲೆಕ್ಟ್ರಾನಿಕ್ ಬೋರ್ಡು ತಂದು ಬೆಸೆಯುವ ಹುಚ್ಚು. ಅಂಥ ಸೆನ್ಸರುಗಳನ್ನು ಎಷ್ಟೋ ಸುಟ್ಟುಹಾಕಿ ಅವ್ವನಿಂದ ಬೈಸಿಕೊಂಡಿದ್ದ. ಅದೇ ಧೈರ್ಯದಲ್ಲಿ ಅರಮನೆಗೆ ಹೋದ.

ಸಭೆಯಲ್ಲಿ ಮಂತ್ರಿಯ ಮಗನೂ ನೆರೆನಾಡಿನ ಯುವರಾಜನೂ ರಾಜಕುಮಾರಿಯ ಕೈ ಕೇಳಲು ಮೀಸೆ ತಿರುವುತ್ತ ನಿಂತಿದ್ದರು. ಮೃಗಾವತಿ ಪೆಟ್ಟಿಗೆಯನ್ನು ಎದುರಿಗಿಟ್ಟು ಕೇಳಿದಳು: “ನನ್ನ ಪೆಟ್ಟಿಗೆ ಅನ್ನ ಉಣ್ಣುವುದಿಲ್ಲ, ಆದರೂ ಅದರ ಮೂಗು ಸದಾ ಬಿಸಿ. ಯಾಕೆ?”

“ಕೋಪ ಇರಬೇಕು,” ಎಂದ ಮಂತ್ರಿಯ ಮಗ. ಭಟರು ಅವನ ತೋಳು ಹಿಡಿದರು.

ಸಣ್ಣೀರ ಪೆಟ್ಟಿಗೆಯ ಮೂಗನ್ನು ಮೆಲ್ಲಗೆ ಮುಟ್ಟಿ ನೋಡಿದ. “ಒಳಗೆ ಎಳೆಯಂಥ ತಂತಿ ಕಾದಿದೆ, ತಾಯಿ. ಕೆಂಡವಿಲ್ಲದೆ ಸಾಂಬ್ರಾಣಿ ಘಮಘಮಿಸುತ್ತದೆಯೇ? ಬಿಸಿಯಿಲ್ಲದೆ ಇದಕ್ಕೆ ವಾಸನೆ ಹತ್ತುವುದಿಲ್ಲ.”

ಮೃಗಾವತಿ ಕುತೂಹಲದಿಂದ ಮುಂದಕ್ಕೆ ಬಾಗಿದಳು. “ಎಚ್ಚರವಾದ ಕೂಡಲೇ ಶುದ್ಧ ಗಾಳಿಗೂ ಅಳುತ್ತದೆ, ಆಮೇಲೆ ತಾನೇ ಸುಮ್ಮನಾಗುತ್ತದೆ. ಯಾಕೆ?”

“ಯಾರದೋ ದೃಷ್ಟಿ ತಾಗಿದೆ,” ಎಂದ ಯುವರಾಜ. ಅವನ ತೋಳಿಗೂ ಭಟರು ಬಂದರು.

“ಕಾಯದ ಹೆಂಚಿಗೆ ದೋಸೆ ಹುಯ್ದರೆ ಏಳುತ್ತದೆಯೇ?” ಎಂದ ಸಣ್ಣೀರ. “ಮೈ ಬಿಸಿಯಾಗುವ ತನಕ ಇದರ ಮಾತು ನಂಬಬಾರದು.”

“ಮೂರನೆಯದು,” ಎಂದಳು ಮೃಗಾವತಿ, ದನಿ ತಗ್ಗಿಸಿ. “ದುರುಗವ್ವನ ಧೂಪದಲ್ಲಿ ಇದಕ್ಕೆ ಸಿಕ್ಕಿದ್ದೇನು? ನಿಜ ಹೇಳುತ್ತೇನೆ, ಇದಕ್ಕೆ ಉತ್ತರ ನನಗೂ ಗೊತ್ತಿಲ್ಲ.”

ಸಣ್ಣೀರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಏನೂ ಇಲ್ಲವೆಂದರೆ ಪೆಟ್ಟಿಗೆ ಅತ್ತದ್ದೇಕೆ ಎನ್ನುತ್ತಾರೆ. ಅಷ್ಟರಲ್ಲಿ ಯುವರಾಜನ ಅಂಗಿಯಿಂದ ಸೆಂಟಿನ ಗಾಳಿ ತೇಲಿಬಂತು. “ಅವರನ್ನು ಸ್ವಲ್ಪ ಪೆಟ್ಟಿಗೆಯ ಹತ್ತಿರ ಕರೆತನ್ನಿ,” ಎಂದ ಸಣ್ಣೀರ.

ಕರೆತಂದದ್ದೇ ತಡ, ಪೆಟ್ಟಿಗೆ ಕಿರ್ರೆಂದು ಕಿರುಚಿತು. ಅರಸ ಸಿಂಹಾಸನದಿಂದ ಹಾರಿ ಎದ್ದ.

“ಇವರೂ ವಿಷ ತಂದಿದ್ದಾರೆಯೇ, ಮಹಾಪ್ರಭು?” ಎಂದ ಸಣ್ಣೀರ. “ಸೆಂಟು, ಹೊಗೆ, ಒಲೆಯ ಗ್ಯಾಸು, ಎಲ್ಲಕ್ಕೂ ಇದರದು ಒಂದೇ ಅಳು. ಏನೋ ಬಂತು ಎನ್ನುತ್ತದೆ. ಏನು ಬಂತು ಎನ್ನಲಾರದು. ಅವ್ವನ ಧೂಪದಲ್ಲಿ ಸಿಕ್ಕಿದ್ದು ಬರೀ ಹೊಗೆ. ತೊಟ್ಟಿಲ ಕೂಸು ಅತ್ತರೆ ಹಸಿವೋ ಇರುವೆಯೋ ಎಂದು ಎದ್ದು ನೋಡಬೇಕು. ತೂಗುತ್ತಿದ್ದವಳ ತಲೆ ಕಡಿಯುತ್ತಾರೆಯೇ?”

ಅರಸ ನಾಚಿ ತಲೆ ತಗ್ಗಿಸಿ, “ಏನು ಬೇಕು ಕೇಳಪ್ಪ,” ಎಂದ.

“ನನ್ನ ಅವ್ವ ಬೇಕು. ಈ ಇಬ್ಬರನ್ನೂ ಬಿಟ್ಟುಬಿಡಿ.”

ಮರುವಾರ ಮೃಗಾವತಿ ತಲೆಗೆ ಎರೆದುಕೊಂಡು ಕೂತಿದ್ದಳು. ಬಾಗಿಲಲ್ಲಿ ಪೆಟ್ಟಿಗೆ ಕಿರುಚಿತು. ಅರಸ ಕತ್ತಿಗೆ ಕೈ ಹಾಕದೆ ತಾನೇ ಎದ್ದುಹೋಗಿ ನೋಡಿದ. ಕೆಂಡದ ಧೂಪಾರತಿ ಹಿಡಿದು ದುರುಗವ್ವ ನಿಂತಿದ್ದಳು. “ಒಳಗೆ ಬಾರಮ್ಮ,” ಎಂದು ಅರಸ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಅವರ ಧೂಪ ಅವರಿಗೆ, ನಮ್ಮ ಒಗ್ಗರಣೆ ನಮಗೆ.